ತಿಮಿಂಗಿಲದ ಹಲ್ಲು ಬರುವ ಮೊದಲು

ರೈವಾಕಾ, ಸುವಾ
ಗುರುವಾರ, ೧೭ ಸೆಪ್ಟೆಂಬರ್ ೨೦೦೯

ಪ್ರೀತಿಯ ನೆಮಾನಿ ಅಣ್ಣಾ,

ಇವತ್ತು ಬೆಳಿಗ್ಗೆ ಎದ್ದು ಹೊರಗೆ ಬಂದರೆ ಅಮ್ಮನ ಮದುವೆಯ ಚಾಪೆ ಬೇಲಿಯ ಮೇಲಿತ್ತು. ಆ ವಿಷಯಕ್ಕೆ ಬರುತ್ತೇನೆ. ಮೊದಲು ನೀನು ಹೇಗಿದ್ದೀಯ ಹೇಳು. ಮರಳುಗಾಳಿಗೆ ಕಣ್ಣು ಕೆಂಪಾಗಿದೆ ಎಂದು ಬರೆದಿದ್ದೆಯಲ್ಲ, ಈಗ ವಾಸಿಯಾಯಿತೇ? ಕೈಯಿಂದ ಉಜ್ಜಬೇಡ, ಕಾಯಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು ಹಾಕಿ ತೊಳೆ ಎಂದು ಅಮ್ಮ ಮೂರು ಸಲ ಹೇಳಿದ್ದಾಳೆ. ನಿನ್ನ ಎಡ ಮೊಣಕಾಲು? ಠಾಣೆಯ ಅಡುಗೆಯಲ್ಲಿ ದಿನಾ ಅನ್ನವೇ ಎಂದು ಓದಿ ಅಪ್ಪನಿಗೆ ಊಟ ಸೇರಲಿಲ್ಲ. ಕೆಸುವಿನ ಗೆಡ್ಡೆ ಸಿಗದ ದೇಶದಲ್ಲಿ ಜನ ಹೇಗೆ ಸಮಾಧಾನವಾಗಿರುತ್ತಾರೆ, ಅದಕ್ಕೇ ಅವರಿಗೆ ಶಾಂತಿ ಕಾಯಲು ನಮ್ಮ ಹುಡುಗರು ಬೇಕು ಎಂದರು. ಮಳೆಯೇ ಬಾರದ ಊರನ್ನು ನನಗೆ ಎಷ್ಟು ಯೋಚಿಸಿದರೂ ಕಲ್ಪಿಸಿಕೊಳ್ಳಲು ಆಗುವುದಿಲ್ಲ. ಇಲ್ಲಿ ಈ ತಿಂಗಳು ಬಿಸಿಲು ಕಂಡದ್ದು ನಾಲ್ಕೇ ದಿನ. ನಿನ್ನ ಗೆಳೆಯ ಸಾಕಿಯುಸಾ ಈಗಲೂ ಮನೆಗೆ ಬಂದು ಹೋಗುತ್ತಾನಾ, ಅಮ್ಮನ ಕೈಯ ಬನ್ ತಿನ್ನುತ್ತಾನಾ ಎಂದು ನೀನು ಕೇಳಿದ್ದೆ. ಫೆಬ್ರವರಿಯಲ್ಲಿ ಒಂದು ಸಲ ಬಂದಿದ್ದ.

ಈ ಪತ್ರ ನಿನಗೆ ಎಂದಿನಂತೆ ಇಲ್ಲಿನ ಸೈನ್ಯ ಶಿಬಿರದ ಅಂಚೆಚೀಲದಲ್ಲಿ ಬಂದಿಲ್ಲ ಎಂಬುದನ್ನು ಅಂಚೆಚೀಟಿ ನೋಡಿಯೇ ಗಮನಿಸಿರುತ್ತೀಯ. ನಮ್ಮ ಪಾದ್ರಿಯ ತಂಗಿ ಇವತ್ತು ಆಕ್ಲೆಂಡಿಗೆ ಹೊರಟಿದ್ದಾಳೆ. ಅವಳ ಬೈಬಲ್ಲಿನೊಳಗೆ ಕೂತು ಹೋಗುತ್ತದೆ. ಐದು ಗಂಟೆಗೆ ತೆಗೆದುಕೊಂಡು ಹೋಗಲು ಬರುತ್ತಾಳೆ. ಅದಕ್ಕೇ ತಲೆನೋವು ಎಂದು ಸುಳ್ಳು ಹೇಳಿ ಮಧ್ಯಾಹ್ನವೇ ನ್ಯಾಯಾಲಯದ ಕಚೇರಿಯಿಂದ ಬಂದು, ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಈಗ ನಿಜವಾಗಿಯೂ ತಲೆ ನೋಯುತ್ತಿದೆ. ಬೀದಿಯಲ್ಲಿ ಯಾವ ಗಾಡಿ ನಿಧಾನವಾದರೂ ಪೆನ್ನು ನಿಲ್ಲುತ್ತದೆ. ಅಕ್ಷರ ಒಂದೊಂದು ಕಡೆ ಗಾಬರಿಯಾದಂತೆ ಕಂಡರೆ ಅಲ್ಲಲ್ಲಿ ಒಂದು ಗಾಡಿ ಹೋಯಿತು ಎಂದುಕೋ. ನೀನು ಎದುರಿಗೆ ಇದ್ದಿದ್ದರೆ ಇದರಲ್ಲಿ ಒಂದು ಮಾತೂ ನನ್ನ ಬಾಯಿಂದ ಬರುತ್ತಿರಲಿಲ್ಲ. ಅಣ್ಣ ತಂಗಿ ಮುಖಕ್ಕೆ ಮುಖ ಕೊಟ್ಟು ಮಾತಾಡಬಾರದೆಂದು ನಮ್ಮ ಹಿರಿಯರು ಮಾಡಿಟ್ಟದ್ದು ನನ್ನಂಥ ಪುಕ್ಕಲಿಗೆ ಒಳ್ಳೆಯದೇ ಆಯಿತು. ಕಾಗದಕ್ಕೆ ಆ ನಿಷೇಧವಿಲ್ಲ.

ಚಾಪೆಯ ವಿಷಯ. ಅಂಚಿಗೆ ಕೆಂಪು ಹಸಿರು ಉಣ್ಣೆಯ ಕುಚ್ಚು ಇರುವ ಆ ದೊಡ್ಡ ಚಾಪೆ ನಿನಗೆ ನೆನಪಿರಬೇಕು. ಅಜ್ಜಿ ತೀರಿಕೊಂಡಾಗ ಹಾಸಿದ್ದು, ನೀನು ಸೈನ್ಯಕ್ಕೆ ಸೇರಿದ ದಿನ ಹಾಸಿದ್ದು. ಈಗ ಮನೆಯಲ್ಲಿ ಯಾರೂ ಸತ್ತಿಲ್ಲ, ಯಾರ ಮದುವೆಯೂ ಇಲ್ಲ. ಅಮ್ಮ ಕುಚ್ಚುಗಳನ್ನು ಒಂದೊಂದಾಗಿ ಬೆರಳಿನಿಂದ ಬಿಡಿಸುತ್ತಿದ್ದಳು. ನನ್ನನ್ನು ನೋಡಲಿಲ್ಲ. "ಬಿಸಿಲು ಬಂತಲ್ಲ, ಹಾಕಿದೆ," ಎಂದಳು. ನಾನು ಏನೂ ಕೇಳದಿದ್ದಾಗ ಅವಳು ಉತ್ತರ ಕೊಟ್ಟರೆ ನನಗೆ ಭಯವಾಗುತ್ತದೆ. ಚಹಾ ಕುಡಿಯುವಾಗ ಅಪ್ಪ ಲೋಟದೊಳಗೆ ನೋಡುತ್ತಾ ಹೇಳಿದರು: "ಶನಿವಾರ ಹತ್ತು ಗಂಟೆಗೆ ಬರ್ತಾರೆ. ಹಲ್ಲು ತಗೊಂಡು." ತಿಮಿಂಗಿಲದ ಹಲ್ಲು ತಂದು ಮುಂದಿಟ್ಟು ಕ್ಷಮೆ ಕೇಳಿದ ಮೇಲೆ, ಅದನ್ನು ಮುಟ್ಟಿ ತೆಗೆದುಕೊಂಡ ಮೇಲೆ, ಆ ವಿಷಯ ಮಣ್ಣಾಯಿತು. ಮತ್ತೆ ಅದನ್ನು ಮಾತಿನಲ್ಲಿ ಕೆದಕುವವನು ನಮ್ಮ ಮನೆಯವನೇ ಅಲ್ಲ. ಇದು ನಿನಗೆ ನಾನು ಹೇಳಬೇಕಾದದ್ದಲ್ಲ. ಯಾಕೆ ಕ್ಷಮೆ ಕೇಳುತ್ತಿದ್ದಾರೆ ಎಂಬುದನ್ನು ಮಾತ್ರ ಹೇಳಬೇಕು, ಏಕೆಂದರೆ ನಿನಗೆ ನಾವು ಆರು ಪತ್ರಗಳಲ್ಲಿ ಸುಳ್ಳು ಬರೆದಿದ್ದೇವೆ.

ಏರೋನಿ ಚಿಕ್ಕಪ್ಪ ದೀವಿಹಲಸಿನ ಮರದಿಂದ ಬೀಳಲಿಲ್ಲ, ಅಣ್ಣಾ. ಆ ಮರ ಹತ್ತಲು ಅವರಿಗೆ ಯಾವ ಕಾಲದಲ್ಲಿ ಬರುತ್ತಿತ್ತು? ಅಮ್ಮ ಆ ಸುಳ್ಳು ಬರೆದಾಗ ನೀನು ಹಿಡಿಯುತ್ತೀಯ ಎಂದುಕೊಂಡಿದ್ದೆ.

ಫೆಬ್ರವರಿಯ ಒಂದು ಶನಿವಾರ ಸಂಜೆ ನಮ್ಮ ಜಗಲಿಯಲ್ಲಿ ಎಂದಿನಂತೆ ಯಂಗೋನಾ ಬೇರು ಕದಡಿದ ನೀರಿನ ಬಟ್ಟಲಿನ ಸುತ್ತ ಏಳು ಜನ ಕೂತಿದ್ದರು. ಅಪ್ಪ, ಚಿಕ್ಕಪ್ಪ, ಮಿಕ್ಕ ಐವರು ಚಿಕ್ಕಪ್ಪ ಹಾಡಿಸುವ ಚರ್ಚಿನ ಕ್ವಾಯರ್‌ನವರು. ಅದರ ಹಿಂದಿನ ವಾರ ಚಿಕ್ಕಪ್ಪ ಅದೇ ಬಟ್ಟಲಿನ ಮುಂದೆ ಒಂದು ತಮಾಷೆ ಮಾಡಿದ್ದರು. ನಾನು ಒಳಗೆ ಕುಡಿಯುವ ತೆಂಗಿನ ಚಿಪ್ಪು ತೊಳೆಯುತ್ತಾ ಕೇಳಿ ನಕ್ಕಿದ್ದೆ. "ಸೈನ್ಯ ಇಟ್ಕೊಂಡು ದೇಶ ಆಳ್ತಾನಲ್ಲ, ಆ ಮೇಲಿನವನು ನಮ್ಮ ಕ್ವಾಯರ್‌ಗೆ ಬಂದ್ರೆ ಏನಾಗುತ್ತೆ ಗೊತ್ತಾ? ನಾಲ್ಕೂ ದನಿ ಅವನೇ ಹಾಡ್ತಾನೆ. ಸ್ಪರ್ಧೆಗೆ ತೀರ್ಪುಗಾರನೂ ಅವನೇ. ಬಹುಮಾನ ಯಾರಿಗೆ ಅಂತ ಲಕೋಟೆ ಒಡೆದು ನೋಡಿ, ಆಶ್ಚರ್ಯಪಟ್ಟು, ತಾನೇ ಹೋಗಿ ತಗೋತಾನೆ!" ಅಷ್ಟೇ ಮಾತು. ಸುತ್ತ ಕೂತವರೆಲ್ಲ ನಕ್ಕರು. ಅವರಲ್ಲಿ ಒಬ್ಬರು ನಕ್ಕು, ಹೋಗಿ, ಶಿಬಿರಕ್ಕೆ ಹೇಳಿದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಆ ಐವರೂ ಈಗಲೂ ಭಾನುವಾರ ಒಂದೇ ಬೆಂಚಿನಲ್ಲಿ ಕೂತು ಹಾಡುತ್ತಾರೆ.

ಆ ಶನಿವಾರ ಬಂದವರು ಸೈನ್ಯದ ಸಮವಸ್ತ್ರದ ಮೂರು ಜನ. ಬಂದೂಕು ಇರಲಿಲ್ಲ. ಬೂಟು ಮೆಟ್ಟಿಲ ಕೆಳಗೇ ಬಿಚ್ಚಿ ಜೋಡಿಸಿಟ್ಟರು. ಒಬ್ಬನ ಕೈಯಲ್ಲಿ ಯಂಗೋನಾ ಬೇರಿನ ಕಟ್ಟು. ಬಾಗಿ ನಡೆದು ಬಂದು, ಕೂತು, ಅದನ್ನು ಎರಡೂ ಕೈಯಲ್ಲಿ ಅಪ್ಪನ ಮುಂದಿಟ್ಟು, ಅತಿಥಿಗಳು ಆಡಬೇಕಾದ ಮಾತನ್ನು ಒಂದೂ ಬಿಡದೆ ಆಡಿದ. ಅವನು ಅಪ್ಪನಿಗೆ ಗುರುತಿದ್ದವನು. ಅವನ ಹೆಸರು ಬರೆಯಲು ಈಗ ಕೈ ಏಳುತ್ತಿಲ್ಲ, ಕೊನೆಯಲ್ಲಿ ಹೇಳುತ್ತೇನೆ. ಅಪ್ಪ ಕಟ್ಟನ್ನು ಮುಟ್ಟಿ, ಅಂಗೈ ಗುಳಿ ಮಾಡಿ ಮೂರು ಸಲ ಚಪ್ಪಾಳೆ ತಟ್ಟಿದರು. ಏನು ಕೆಲಸವಾಗಿ ಬಂದಿರಿ ಎಂದು ಮೊದಲು ಕೇಳಲಿಲ್ಲ. ಹಾಗೆ ಕೇಳುವುದು ನಮ್ಮಲ್ಲಿ ಎಲ್ಲಿದೆ? ಬೇರು ಸ್ವೀಕರಿಸಿದ ಮೇಲೆ ಬಂದವರು ನಮ್ಮವರು, ಅವರು ಕೇಳಿದ್ದನ್ನು ಇಲ್ಲವೆನ್ನುವಂತಿಲ್ಲ. ಒಬ್ಬೊಬ್ಬರೂ ಒಂದೊಂದು ಚಿಪ್ಪು ಕುಡಿದರು. ಆಮೇಲೆ ಬೇರು ಕೊಟ್ಟವನು ಮೆತ್ತಗೆ ಹೇಳಿದ: "ದೊಡ್ಡವರೇ, ಚಿಕ್ಕಪ್ಪನ ಹತ್ರ ಎರಡು ಮಾತಾಡೋದಿತ್ತು. ಕರ್ಕೊಂಡು ಹೋಗಿ ಬಿಟ್ಟುಬಿಡ್ತೀವಿ." ಚಿಕ್ಕಪ್ಪ ನಗುತ್ತಲೇ ಎದ್ದರು. "ಎರಡೇ ಮಾತಾ? ಅದಕ್ಕೆ ಮೂರು ಜನ ಯಾಕೋ? ಇನ್ನೊಬ್ಬನ್ನ ಕರ್ಕೊಂಡು ಬಂದಿದ್ರೆ ನಾಲ್ಕು ದನಿ ಆಗ್ತಿತ್ತು." ಅಪ್ಪನ ಚಪ್ಪಲಿ ಮೆಟ್ಟಿಕೊಂಡು ಹೋದರು.

ನಾನು ಪರದೆಯ ಹಿಂದೆ ಇದ್ದೆ. ನಿನಗೆ ಗೊತ್ತಲ್ಲ, ಜನ ಬಂದರೆ ನಾನು ಪರದೆಯ ಹಿಂದೆಯೇ ಇರುತ್ತೇನೆ. ಓದಿ ಪದವಿ ತೆಗೆದುಕೊಂಡರೂ ಆ ಚಾಳಿ ಹೋಗಿಲ್ಲ. ಗಾಡಿ ಬೀದಿದೀಪದ ಕೆಳಗೆ ನಿಂತಿತ್ತು. ಅದರ ಸಂಖ್ಯೆ ಓದಿದೆ. ಯಾಕೆ ಓದಿದೆನೋ, ನನಗೆ ಕಂಡದ್ದೆಲ್ಲ ಓದುವ ಚಟ. ಆಮೇಲೆ ನನ್ನ ನೋಟುಪುಸ್ತಕದಲ್ಲಿ, ಬಸ್ಸಿನಲ್ಲಿ ಕೇಳಿದ ಮಾತುಗಳನ್ನು ಬರೆದಿಡುತ್ತೇನಲ್ಲ, ಅದರಲ್ಲೇ ಸಂಖ್ಯೆ, ಗಂಟೆ, ಮೂವರ ಚಹರೆ, ಒಬ್ಬನ ಹೆಸರು ಬರೆದುಕೊಂಡೆ. ಅದರ ಮೇಲಿನ ಸಾಲಿನಲ್ಲಿ ಮಾರುಕಟ್ಟೆಯ ಮೀನಿನ ಹೆಂಗಸೊಬ್ಬಳ ಬೈಗುಳವಿದೆ.

ಸೋಮವಾರ ಮಧ್ಯಾಹ್ನ ಚಿಕ್ಕಪ್ಪನನ್ನು ಬಸ್‌ ನಿಲ್ದಾಣದ ಹತ್ತಿರ ಬಿಟ್ಟು ಹೋಗಿದ್ದರು. ಚಪ್ಪಲಿ ಇರಲಿಲ್ಲ. ನಾಲ್ಕು ದನಿಯನ್ನೂ ನೀನೇ ಹಾಡು ಎಂದು ಶಿಬಿರದ ಮೈದಾನದ ಸುತ್ತ ಓಡಿಸಿದರಂತೆ. ದನಿ ತಪ್ಪಿದಾಗಲೆಲ್ಲ ಒಂದು ಏಟು. ಇಷ್ಟನ್ನು ಚಿಕ್ಕಪ್ಪ ಒಂದೇ ಸಲ ಹೇಳಿದ್ದು. ಹೇಳುತ್ತಾ ಮತ್ತೆ ತಮಾಷೆ ಮಾಡಲು ಹೋಗಿ, "ದನಿ ತಪ್ಪಿದ್ದನ್ನ ಅವರು ಸರಿಯಾಗೇ ಹಿಡಿದ್ರು, ಕಿವಿ ಇರೋ ಹುಡುಗರು," ಎಂದು ನಿಲ್ಲಿಸಿಬಿಟ್ಟರು. ಬಲಗಿವಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದು ಇನ್ನು ಕೇಳುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಈಗ ಅವರ ಬಲಕ್ಕೆ ನಿಂತು ಮಾತಾಡಿದರೆ ತಿರುಗಿ, ಕತ್ತು ವಾಲಿಸಿ, ನಮ್ಮ ತುಟಿ ನೋಡುತ್ತಾರೆ. ಕ್ವಾಯರ್‌ನ ಬಲಗಡೆಯವರು ಏನು ಹಾಡುತ್ತಿದ್ದಾರೆಂದು ಗೊತ್ತಾಗದೆ ಈಸ್ಟರಿನಿಂದ ಹಾಡಿಸಲು ಕೈ ಎತ್ತಿಲ್ಲ.

ಮಾರ್ಚಿನಲ್ಲಿ ಅವರೇ ಯಾರಿಗೂ ಹೇಳದೆ ನಮ್ಮ ನ್ಯಾಯಾಲಯಕ್ಕೇ ನಡೆದು ಹೋಗಿ ದೂರು ಕೊಟ್ಟರು. ಆಗ ಇದ್ದ ಮುದುಕ ಮ್ಯಾಜಿಸ್ಟ್ರೇಟರು ತೆಗೆದುಕೊಂಡು ಸಂಖ್ಯೆ ಕೊಟ್ಟರು. ದೂರಿನಲ್ಲಿ 'ಮೂವರು ಅಪರಿಚಿತರು' ಎಂದಿತ್ತು. ಸಾಕ್ಷಿ ಎಂಬ ಕಡೆ ಒಂದು ಗೀರು. ಗುರುತಿದ್ದವನ ಹೆಸರನ್ನು ಅಪ್ಪನೂ ಹೇಳಲಿಲ್ಲ, ಚಿಕ್ಕಪ್ಪನೂ ಬರೆಸಲಿಲ್ಲ. "ನಮ್ಮನೇಲಿ ಉಂಡ ಹುಡುಗ," ಎಂದಷ್ಟೇ ಚಿಕ್ಕಪ್ಪ ಹೇಳಿದರು.

ಅದಾಗಿ ತಿಂಗಳಿಗೆ ಆದದ್ದು ನಿನಗೂ ಗೊತ್ತು. ಮೂವರು ನ್ಯಾಯಾಧೀಶರು ಸೈನ್ಯದ ಈ ಸರ್ಕಾರ ಕಾನೂನಿಗೆ ವಿರುದ್ಧ ಎಂದು ತೀರ್ಪು ಕೊಟ್ಟರು. ಮರುದಿನ ಗುಡ್ ಫ್ರೈಡೇ, ರೇಡಿಯೋದಲ್ಲಿ ಸಂವಿಧಾನ ಇನ್ನಿಲ್ಲ ಎಂದರು. ರಜೆ ಮುಗಿಸಿ ಕಚೇರಿಗೆ ಹೋದರೆ ಬಾಗಿಲಲ್ಲಿ ಸಿಪಾಯಿಗಳು, ಒಳಗೆ ಖಾಲಿ ಕುರ್ಚಿಗಳು. ದೇಶದ ಒಬ್ಬ ನ್ಯಾಯಾಧೀಶರಿಗೂ ಕೆಲಸ ಉಳಿದಿರಲಿಲ್ಲ. ಕಾನೂನನ್ನು ತೆಗೆದುಹಾಕಿದರು ಎಂದು ನಾನು ಆಗ ತಿಳಿದಿದ್ದೆ. ಅದು ನನ್ನ ತಪ್ಪು. ಈಗ ಇರುವಷ್ಟು ಕಾನೂನು ಯಾವಾಗಲೂ ಇರಲಿಲ್ಲ. ವಾರಕ್ಕೊಂದು ಹೊಸ ಆಜ್ಞೆ ಬರುತ್ತದೆ, ಒಳ್ಳೆಯ ಕಾಗದದಲ್ಲಿ, ಕಲಮು ಉಪಕಲಮುಗಳ ಸಮೇತ. ಸುಮ್ಮನೆ ಹೊಡೆಯುವವನಿಗೆ ಕನಿಷ್ಠ ತಾನು ಮಾಡುತ್ತಿರುವುದು ಗೊತ್ತಿರುತ್ತದೆ. ಇವರು ಮೊದಲು ಬರೆದು, ಮುದ್ರಿಸಿ, ಆಮೇಲೆ ಮಾಡುತ್ತಾರೆ. ಕಚೇರಿಗೆ ಒಂದು ಅಚ್ಚು ಹಾಕಿದ ನಮೂನೆ ಬಂದಿದೆ. ಸರ್ಕಾರವನ್ನು ಪ್ರಶ್ನಿಸುವ ಯಾವ ದಾವೆ ಇದ್ದರೂ ನಾನು ಅದರ ಸಂಖ್ಯೆ, ಹೆಸರು ತುಂಬಿ ಬೆರಳಚ್ಚು ಮಾಡುತ್ತೇನೆ, ಮೇಲಿನವರು ಸಹಿ ಹಾಕುತ್ತಾರೆ, ದಾವೆ ಮುಗಿಯಿತು. ಆ ಸಹಿಯನ್ನೂ ಎಲ್ಲಿಯೂ ಪ್ರಶ್ನಿಸುವಂತಿಲ್ಲ. ಏಪ್ರಿಲ್‌ನಿಂದ ನನ್ನ ಕೈಯಲ್ಲೇ ನಲವತ್ತೊಂದು ಹೋಗಿವೆ. ನಾಲ್ಕು ವರ್ಷ ಕತೆ ಕಾವ್ಯ ಓದಿ ಕಲಿತ ಒಳ್ಳೆಯ ಭಾಷೆ ಇದಕ್ಕೆ ಉಪಯೋಗವಾಗುತ್ತಿದೆ. ಮೊದಮೊದಲು ಬೆರಳು ತಪ್ಪುತ್ತಿತ್ತು. ಈಗ ತಪ್ಪುವುದಿಲ್ಲ, ಅದೇ ಭಯ.

ಚಿಕ್ಕಪ್ಪನ ಕಡತ ಉಳಿದದ್ದು ಸುರುಜ್ ಕುಮಾರಿ ಅಕ್ಕನಿಂದ. ನಮ್ಮ ಹಿರಿಯ ಗುಮಾಸ್ತೆ, ನನಗೆ ದಿನಾ ರೊಟ್ಟಿ ಪೊಟ್ಟಣ ಹಂಚಿ ಬೈಯುತ್ತಾ ತಿನ್ನಿಸುವವರು, ಹಿಂದೆ ನಿನಗೆ ಬರೆದಿದ್ದೇನೆ. ಅವರು ಆ ಕಡತವನ್ನು ಗಂಡಂದಿರು ಹೆಂಡತಿಯರಿಗೆ ಜೀವನಾಂಶ ಕೊಡಬೇಕಾದ ಕಡತಗಳ ಕಪಾಟಿನಲ್ಲಿ ಸೇರಿಸಿಬಿಟ್ಟಿದ್ದರು. "ಅಲ್ಲಿಗೆ ಯಾವ ಗಂಡಸೂ ಕೈ ಹಾಕಲ್ಲ ಬಿಡು," ಎಂದರು. ಐದು ತಿಂಗಳು ಯಾರೂ ಹಾಕಲಿಲ್ಲ. ಹೋದ ತಿಂಗಳು ಬಂದ ಹೊಸ ಮ್ಯಾಜಿಸ್ಟ್ರೇಟರು ಹಳೆಯದೆಲ್ಲ ಚೊಕ್ಕ ಮಾಡುವ ಹುರುಪಿನಲ್ಲಿ ಎಲ್ಲ ಕಪಾಟು ತೆಗೆಸಿದರು. ಬರುವ ಸೋಮವಾರ ಈ ದೂರನ್ನು ವಿಚಾರಣೆಗೆ ಕೂಗಲಿದ್ದಾರೆ. ಸಾಕ್ಷಿ ಇಲ್ಲದಿದ್ದರೆ, ದೂರು ಕೊಟ್ಟವರೇ ಹಿಂತೆಗೆದುಕೊಂಡರೆ, ಮುಗಿಸುವುದು ಅರ್ಧ ನಿಮಿಷದ ಕೆಲಸ.

ಸೋಮವಾರದ ವಿಚಾರಣೆಗಳ ಪಟ್ಟಿ ನ್ಯಾಯಾಲಯದ ಗೋಡೆಗೆ ಹಚ್ಚಿದ ಮೂರನೆಯ ದಿನಕ್ಕೆ ಕ್ಯಾಪ್ಟನ್ ಒಬ್ಬರು ನಮ್ಮ ಮನೆಗೆ ಬಂದರು. ಬಹಳ ಒಳ್ಳೆಯ ನಡವಳಿಕೆ, ಅಣ್ಣಾ. ನಿಂಬೆ ಎಲೆಯ ಚಹಾ ಕುಡಿದರು, ಅಮ್ಮನ ಕೊಬ್ಬರಿ ಬನ್ ಹೊಗಳಿ ಎರಡು ತಿಂದರು. "ಕೋರ್ಟು ಬಿಳಿಯರು ಬಿಟ್ಟುಹೋದ ವಿದ್ಯೆ, ಹಿರಿಯರೇ. ನಮ್ಮ ಹುಡುಗರದ್ದು ತಪ್ಪಾಯ್ತು. ನಮ್ಮ ರೀತಿಲೇ ಮುಗಿಸಿಕೊಳ್ಳೋಣ," ಎಂದರು. ನನ್ನ ಎದೆ ಒಂದು ಕ್ಷಣ ಹಗುರವೇ ಆಯಿತು. ಆಮೇಲೆ ಗೋಡೆಯ ಮೇಲಿನ ನಿನ್ನ ಫೋಟೋ ನೋಡಿದರು. "ನೆಮಾನಿ ಒಳ್ಳೆ ಸಿಪಾಯಿ. ಜನವರಿಗೆ ವಾಪಸು ಅಲ್ವಾ? ಮರ್ಯಾದೆಯಿಂದ ಬರ್ಲಿ." ಪರದೆಯ ಕಡೆ ನೋಡದೆಯೇ, "ಹುಡುಗಿ ಕೋರ್ಟಿನಲ್ಲೇ ಕೆಲಸ ಅಂತೆ. ಈ ಕಾಲದಲ್ಲಿ ಅಂಥ ಕೆಲಸ ಉಳಿಸಿಕೊಳ್ಳೋದು ಜಾಣತನ," ಎಂದರು. ಹೋಗುವಾಗ ಒಂದು ಕಾಗದ ಕೊಟ್ಟರು. ಸಭೆ ಸೇರಲು ಪರವಾನಗಿ ಬೇಕಲ್ಲ, ಅದನ್ನು ಅವರೇ ಮಾಡಿಸಿ ತಂದಿದ್ದರು. ಹದಿನೈದು ಜನಕ್ಕೆ ಮೀರದಂತೆ, ಹತ್ತರಿಂದ ಹನ್ನೆರಡು, ಉದ್ದೇಶ ಸಂಪ್ರದಾಯ, ಸೀಲು, ಸಹಿ. ನಮ್ಮ ಬಳಿ ಕ್ಷಮೆ ಕೇಳಲು ಅವರು ಅವರಿಂದಲೇ ಅಪ್ಪಣೆ ಪಡೆದುಕೊಂಡಿದ್ದಾರೆ. ಅಮ್ಮ ಅದನ್ನು ಫ್ರಿಜ್ಜಿನ ಮೇಲೆ ಕರೆಂಟು ಬಿಲ್ಲಿನ ಪಕ್ಕ ಅಂಟಿಸಿದ್ದಾಳೆ. ನೀರು ಕುಡಿಯಲು ಹೋದಾಗಲೆಲ್ಲ ಓದುತ್ತೇನೆ.

ನಾನು ಆ ಹಲ್ಲನ್ನು ಹೀಯಾಳಿಸುತ್ತಿಲ್ಲ. ನಮ್ಮ ಅಜ್ಜನ ಊರಿನಲ್ಲಿ ಎರಡು ಮನೆತನ ಕೊಡಲಿ ಹಿಡಿದು ನಿಂತದ್ದನ್ನು ಒಂದು ಹಲ್ಲು ನಿಲ್ಲಿಸಿದ ಕತೆ ನೀನೇ ನನಗೆ ಬಾಳೆತೋಟದಲ್ಲಿ ಹೇಳಿದ್ದೆ, ನಾನಿನ್ನೂ ಚಿಕ್ಕವಳು, ಆಗ ಮಾತಾಡಬಹುದಿತ್ತು. ಆದರೆ ಆ ಕತೆಯಲ್ಲಿ ಹಲ್ಲು ತಂದವನು ಹೆದರಿ ತಂದಿದ್ದ. ಎದುರಿನವನು ಬೇಡ ಎಂದುಬಿಡಬಹುದು ಎಂದು ಅವನ ಕೈ ನಡುಗಿತ್ತು. ಶನಿವಾರ ನಡುಗುವುದು ತೆಗೆದುಕೊಳ್ಳುವವರ ಕೈ. ಬೇಡ ಎನ್ನಲಾಗದವನ ಮುಂದೆ ಇಟ್ಟ ಹಲ್ಲು ಬರೀ ಮೂಳೆ ಎಂದು ನನಗೆ ಅನಿಸುತ್ತದೆ. ಹೆಣ್ಣುಮಕ್ಕಳು ಈ ವಿಷಯದಲ್ಲಿ ಅನಿಸಿಕೊಳ್ಳಬಾರದು, ಗೊತ್ತು.

ಅಪ್ಪನ ಸ್ಥಿತಿ ನೀನು ನೋಡಬೇಕು. ಚಿಕ್ಕಪ್ಪನನ್ನು ಕರೆದೊಯ್ದ ದಿನದಿಂದ ಅವರು ಬಟ್ಟಲಿನ ಮುಂದೆ ಚಪ್ಪಾಳೆ ತಟ್ಟಿಲ್ಲ. ಚಿಪ್ಪು ಕೈಗೆ ಬಂದರೆ ತೊಡೆ ಮುಟ್ಟಿಕೊಂಡು ಕುಡಿದುಬಿಡುತ್ತಾರೆ. ಇವತ್ತು ಬೆಳಿಗ್ಗೆ, ಚಹಾ ಆರಿದ ಮೇಲೆ, ಅಮ್ಮನಿಗೆ ಹೇಳಿದ್ದು ನನಗೂ ಕೇಳಿಸಿತು: "ಒಂದು ಸಲ ಚಪ್ಪಾಳೆ ತಟ್ಟಿ ತಮ್ಮನ್ನ ಕೊಟ್ಟೆ. ಈ ಸಲ ತಟ್ಟದಿದ್ರೆ ಮಗನ್ನ ಕೊಡಬೇಕಾಗುತ್ತೆ." ಚಿಕ್ಕಪ್ಪನ ಎಡಗಿವಿ ಅಪ್ಪನ ಕಡೆಗಿತ್ತು, ಅವರಿಗೂ ಕೇಳಿಸಿತು. "ತಗೋಳಣ್ಣಾ, ತಗೋ," ಎಂದರು. "ನನಗೆ ಒಂದು ಕಿವಿ ಸಾಕು. ನಿಮ್ಮ ಮನೇಲಿ ಅತ್ತಿಗೆ ಒಬ್ಬರ ಮಾತು ತಾನೇ ಕೇಳಬೇಕಾದ್ದು." ಅಮ್ಮ ನಕ್ಕಳು, ಒಲೆಯ ಕಡೆ ತಿರುಗಿಕೊಂಡಳು.

ನಾನು ಬಸ್ಸಿಗೆ ಹೊರಟಾಗ ಚಿಕ್ಕಪ್ಪ ಹಿತ್ತಲಿನಲ್ಲಿ ಒಬ್ಬರೇ ಇದ್ದರು. ಸ್ವರ ಹಿಡಿಯಲು ಇಟ್ಟುಕೊಂಡಿರುವ ಎರಡು ಕವಲಿನ ಉಕ್ಕಿನ ಕಡ್ಡಿ ಇದೆಯಲ್ಲ, ಅದನ್ನು ಮೊಣಕಾಲಿಗೆ ಬಡಿದು ಎಡಗಿವಿಗೆ ಹಿಡಿದರು. ತಲೆಯಾಡಿಸಿದರು. ಮತ್ತೆ ಬಡಿದು ಬಲಗಿವಿಗೆ ಹಿಡಿದು ಕಾದರು. ಯಾರೋ ಬಾಗಿಲು ತೆಗೆಯುತ್ತಾರೆಂದು ಮೆಟ್ಟಿಲ ಮೇಲೆ ಕಾಯುವವರ ಮುಖ. ದಿನಾ ಹೀಗೆ ಮಾಡುತ್ತಾರೋ ಏನೋ, ನಾನು ನೋಡಿದ್ದು ಇವತ್ತೇ. ನನ್ನನ್ನು ಕಂಡು ನಾಚಿಕೊಳ್ಳಲಿಲ್ಲ. ಕಡ್ಡಿಯನ್ನು ನನ್ನ ಕಡೆ ಚಾಚಿ, "ನೋಡು ಪುಟ್ಟಿ, ಇದು ಇನ್ನೂ ಹಾಡ್ತಾ ಇದೆಯಾ?" ಎಂದರು. ಹಾಡುತ್ತಿತ್ತು. ಹೌದು ಎಂದೆ. "ಹಾಗಾದ್ರೆ ಸರಿ," ಎಂದು ಜೇಬಿಗೆ ಹಾಕಿಕೊಂಡರು. ಬಸ್ಸಿನಲ್ಲಿ ಕೂತ ಮೇಲೆ ನನಗೆ ಅಳು ಬಂತು, ಪಕ್ಕದ ಸೀಟಿನಲ್ಲಿ ಸಮವಸ್ತ್ರದ ಹುಡುಗನೊಬ್ಬನಿದ್ದ, ಅಳಲೂ ಇಲ್ಲ.

ಕಚೇರಿಯಲ್ಲಿ ಸುರುಜ್ ಅಕ್ಕನನ್ನು ಕೇಳಿದೆ. ಸುಮ್ಮನೆ ಕೇಳಿದ್ದು. ಸಾಕ್ಷಿ ಹೇಳಿಕೆಗೆ ಪ್ರಮಾಣ ಮಾಡಿಸಿ ಸೀಲು ಹಾಕುವ ಅಧಿಕಾರ ಅವರಿಗಿದೆಯಲ್ಲ, ಹೇಳಿಕೆಯೊಂದು ಕಡತದೊಳಗೆ ಸೇರಿದರೆ ಏನಾಗುತ್ತದೆ ಎಂದೆ. ಕನ್ನಡಕದ ಮೇಲಿನಿಂದ ನೋಡಿದರು. "ಆಗೋದೇನು? ಸೋಮವಾರ ತೆರೆದ ಕೋರ್ಟಿನಲ್ಲಿ ಅದನ್ನ ಓದಬೇಕು. ಆ ನಿಯಮ ಇನ್ನೂ ಇದೆ, ರದ್ದು ಮಾಡೋಕೆ ಮರೆತಿದ್ದಾರೆ. ಓದಿದ ಮೇಲೆ ಬೇಕಾದ್ರೆ ಮುಗಿಸ್ತಾರೆ. ಎರಡು ನಿಮಿಷ ಓದು. ಯಾರದ್ದು ಹೇಳಿಕೆ?" ಯಾರದ್ದೂ ಅಲ್ಲ ಎಂದೆ. "ಯಾರದ್ದೂ ಅಲ್ಲದವರು ಶನಿವಾರಕ್ಕೆ ಮೊದಲು ಬರ್ತಾರಾ ಆಮೇಲಾ?" ನಮ್ಮ ಮನೆಗೆ ಹಲ್ಲು ಬರುವುದು ಅವರಿಗೆ ಹೇಗೆ ಗೊತ್ತಾಯಿತೋ, ಸುವಾ ಎಷ್ಟು ದೊಡ್ಡ ಊರು! ನಾನು ಮೇಜಿನ ಮೇಲಿನ ಕಾಗದ ಜೋಡಿಸಿದೆ. "ನಾಳೆ ಒಂಬತ್ತಕ್ಕೆ ನಾನು ಸೀಟಲ್ಲಿರ್ತೀನಿ. ನನಗೂ ಇಬ್ಬರು ಮಕ್ಕಳಿದ್ದಾರೆ ಹುಡುಗಿ, ಹತ್ತು ಗಂಟೆಯವರೆಗೆ ಧೈರ್ಯ ಇರುತ್ತೆ, ಆಮೇಲೆ ಹೇಳೋಕಾಗಲ್ಲ," ಎಂದು ಅರ್ಧ ರೊಟ್ಟಿ ನನ್ನ ಕೈಗೆ ತುರುಕಿದರು.

ಎರಡು ನಿಮಿಷ. ಅದಕ್ಕಾಗಿ ಅಪ್ಪನ ಹೆದರಿಕೆ, ನನ್ನ ಕೆಲಸ, ನಿನ್ನ ಜನವರಿ, ಎಲ್ಲವನ್ನೂ ಇಡುವುದೇ? ಶಿಬಿರಕ್ಕೆ ಕರೆದ ಹೆಂಗಸರ ವಿಷಯವೂ ಕೇಳಿದ್ದೇನೆ, ಬರೆಯಲಾರೆ. ಹೀಗೆ ಮಾಡಲೇ ಎಂದು ನಿನ್ನನ್ನು ಕೇಳುವುದಕ್ಕೆ ಬರೆದೆ ಎಂದುಕೊಳ್ಳಬೇಡ. ನಿನ್ನ ಉತ್ತರ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಬೇರೆಯವರ ಬಾಯಿಂದ ನಿನಗೆ ಗೊತ್ತಾಗಬಾರದು ಎಂದು ಬರೆದೆ. ಇನ್ನೊಂದು ಭಯವಿದೆ, ಅದನ್ನೂ ಹೇಳಿಬಿಡುತ್ತೇನೆ. ನೀನು ಈ ಪತ್ರವನ್ನು ನಿನ್ನ ಮೇಲಿನವರಿಗೆ ತೋರಿಸಿದರೆ ಎಂಬ ಭಯ. ಕ್ಷಮಿಸು. ನಿನ್ನ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿದ್ದು ನಾನೇ, ಅದರ ಪ್ರತಿ ಮಡಿಕೆಯೂ ನನಗೆ ಗೊತ್ತು. ಆದರೂ ಫೆಬ್ರವರಿಯಿಂದ ಆ ಬಣ್ಣ ಕಂಡರೆ ರಸ್ತೆ ದಾಟಿಬಿಡುತ್ತೇನೆ. ನಿನ್ನ ಕೈಗೂ ಒಂದು ದಿನ ಬೇರಿನ ಕಟ್ಟು ಕೊಟ್ಟು, ಬೂಟು ಮೆಟ್ಟಿಲ ಕೆಳಗೆ ಬಿಟ್ಟು ಯಾರದೋ ಮನೆಯೊಳಗೆ ಹೋಗು ಎಂದರೆ ಏನು ಮಾಡುತ್ತೀಯ? ಉತ್ತರ ಬರೆಯಬೇಡ. ಯೋಚನೆ ಮಾಡಿಟ್ಟುಕೋ, ಸಾಕು.

ಅಪ್ಪ, ಅಮ್ಮ ನಿನಗಾಗಿ ಪ್ರತಿ ಊಟದ ಮುಂಚೆ ಪ್ರಾರ್ಥಿಸುತ್ತಾರೆ. ಚಿಕ್ಕಪ್ಪ ನಿನ್ನ ಠಾಣೆಯ ಹುಡುಗರಿಗೆಲ್ಲ ಹಾಡು ಕಲಿಸು ಎಂದಿದ್ದಾರೆ. ದೇವರು ನಿನ್ನ ಕಣ್ಣು, ಮೊಣಕಾಲು, ಮನಸ್ಸು ಮೂರನ್ನೂ ಕಾಯಲಿ. ಚಾಪೆ ಒಣಗಿದೆ. ಅಮ್ಮ ಈಗ ಸುರುಳಿ ಸುತ್ತುತ್ತಿದ್ದಾಳೆ, ನನ್ನನ್ನು ಒಂದು ತುದಿ ಹಿಡಿಯಲು ಕರೆಯುತ್ತಿದ್ದಾಳೆ.

ನಿನ್ನ ತಂಗಿ
ಆಲುಮಿತಾ

ಮರೆತೆನೆಂದಲ್ಲ, ಉಳಿಸಿಕೊಂಡಿದ್ದೆ: ಪಾದ್ರಿಯ ತಂಗಿ ಗೇಟಿನಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಬೇರು ಹಿಡಿದು ಬಂದವನು ಸಾಕಿಯುಸಾ. ನಮ್ಮ ಮನೆಯ ತಟ್ಟೆಯಲ್ಲಿ ಉಂಡವನು, ನಿನ್ನ ಸಾಕಿಯುಸಾ. ಅದಕ್ಕೇ ಅಪ್ಪ ಯೋಚಿಸದೆ ಚಪ್ಪಾಳೆ ತಟ್ಟಿದ್ದು. ಶನಿವಾರ ಕ್ಯಾಪ್ಟನ್ ಹಿಂದೆ ಅವನೂ ಬಂದು ಆ ಚಾಪೆಯ ಮೇಲೆ ಕೂರುತ್ತಾನಂತೆ. ಹಲ್ಲು ಮುಟ್ಟಿದ ಮೇಲೆ ಆಡಿದರೆ ಅಪ್ಪನ ಮಾತು ಮುರಿದಂತೆ. ಮುಟ್ಟುವ ಮೊದಲು ಆಡಿದ್ದು ಯಾರ ಮಾತನ್ನೂ ಮುರಿಯುವುದಿಲ್ಲ. ಯಾರಾದರೂ ಕೇಳಿದರೆ ನಿನಗೆ ಏನೂ ಗೊತ್ತಿಲ್ಲ, ಚಿಕ್ಕಪ್ಪ ಮರದಿಂದ ಬಿದ್ದರು. ಶಿಬಿರದ ಚೀಲದಲ್ಲಿ ಇನ್ನೊಂದು ಪತ್ರ ಬರುತ್ತದೆ, ರಗ್ಬಿ, ಮರಗೆಣಸು, ಹವಾಮಾನ ಎಲ್ಲ ಇದೆ, ಉತ್ತರ ಅದಕ್ಕೇ ಬರೆ. ಇದನ್ನು ಸುಟ್ಟುಬಿಡು. ನೋಟುಪುಸ್ತಕವನ್ನೂ ಕಪ್ಪು ಪೆನ್ನನ್ನೂ ಚೀಲದಲ್ಲಿ ಇಟ್ಟಾಗಿದೆ. ನಾಳೆ ಎಂಟರ ಬಸ್ಸಿಗೆ ಹೋಗುತ್ತೇನೆ.